ಎರಡು ಎಕರೆ ಹಿತ್ತಲು

ಕಲಬುರಗಿಯ ಕಚೇರಿಯ ಮುಂದೆ, ಬೇವಿನ ಮರದ ಬುಡದಲ್ಲಿ, ಅರ್ಜಿ ಬರೆಯುವ ಮುನ್ಶಿಗಳು ನಾಲ್ವರು ಕೂಡುತ್ತಿದ್ದರು. ನಾಲ್ವರಲ್ಲಿ ಎಲ್ಲಕ್ಕಿಂತ ಕೆಟ್ಟ ಅಕ್ಷರ ಗಾಜಿಪುರ ಓಣಿಯ ಖಂಡೆಪ್ಪನದು. ಎಲ್ಲರಿಗಿಂತ ಹೆಚ್ಚು ಗಿರಾಕಿಗಳಿದ್ದದ್ದೂ ಅವನಿಗೇ. ಏಕೆಂದರೆ ಖಂಡೆಪ್ಪ ಯಾವುದನ್ನೂ ಇದ್ದಷ್ಟೇ ಬರೆದವನಲ್ಲ. ಒಂದು ಆಡು ಕಳೆದುಕೊಂಡು ಬಂದ ಮುದುಕಿಯ ಅರ್ಜಿಯಲ್ಲಿ ಎರಡು ಆಡು ಕಳೆಯುತ್ತಿದ್ದವು. ಮಳೆಗೆ ಅರ್ಧ ಗೋಡೆ ಬಿದ್ದವನು ಬಂದರೆ ಉಳಿದರ್ಧವನ್ನು ಖಂಡೆಪ್ಪ ತಾನೇ ಬೀಳಿಸುತ್ತಿದ್ದ, ಅದೂ ಒಳ್ಳೆಯ ಉರ್ದುವಿನಲ್ಲಿ.

ಯಾರಾದರೂ ಅಂಜಿದರೆ ಅವರಿಗೆ ಹೇಳಲು ಅವನಲ್ಲಿ ಒಂದು ಸಿದ್ಧಾಂತವಿತ್ತು.

"ಸರ್ಕಾರದ ಕೈಯಾಗ ಕತ್ತರಿ ಇರತದ, ಯವ್ವಾ. ನಿಜಾಮನ ಸರ್ಕಾರದಾಗೂ ಇತ್ತು, ಪೊಲೀಸ್ ಆಕ್ಷನ್ ಆಗಿ ಬಂದ ಈ ಸರ್ಕಾರದಾಗೂ ಅದ. ನಾವು ಏನ್ ಬರದ್ರೂ ಅರ್ಧ ಕತ್ತರಸ್ತದ. ಎರಡು ಆಡು ಬರದ್ರ ಒಂದು ಬರತದ. ಒಂದೇ ಬರದ್ರ ಮುಂಗಾಲು ಅಷ್ಟ ಬರತಾವ. ಆಮ್ಯಾಲ ಹಾಲು ಎಲ್ಲಿಂದ ಹಿಂಡ್ತಿ?"

ಮುದುಕಿಗೆ ಮಾತು ಪಟ್ಟನೆ ತಿಳಿಯುತ್ತಿತ್ತು. ಹೆಬ್ಬೆಟ್ಟು ಒತ್ತಿ ಹೋಗುತ್ತಿದ್ದಳು.

ಹೀಗೆ ಎರಡು ಸರ್ಕಾರಗಳನ್ನು ಗೆದ್ದ ಖಂಡೆಪ್ಪ ಸೋತದ್ದು ಒಬ್ಬರ ಮುಂದೆ ಮಾತ್ರ. ಅವರು ಅವನ ಮಾವ, ಕಮಲಾಪುರದ ಮಾಳಿಂಗಪ್ಪ. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಎರೆ ಹೊಲವಿತ್ತು, ಕೆಂಪು ಬಾಳೆಯ ತೋಟವಿತ್ತು, ಎಲ್ಲಕ್ಕಿಂತ ಮಿಗಿಲಾಗಿ ನಾಲಗೆ ಇತ್ತು. ಮಗಳು ಶೇವಂತಾಳ ತಲೆಯ ಮೇಲೆ ಅಕ್ಕಿಕಾಳು ಬಿದ್ದ ದಿನವೇ ಹತ್ತು ಜನರ ಮುಂದೆ ಅಂದುಬಿಟ್ಟಿದ್ದರು:

"ಹುಡುಗನ ಕಿವಿಮ್ಯಾಗ ಲೇಖಣಿ ಅದ, ಖರೆ. ಕಾಲಬುಡಕ ಮಣ್ಣು ಮಾತ್ರ ಇಲ್ಲ."

ಅಂದಿನಿಂದ ಅಳಿಯನನ್ನು ಅವರು ಹೆಸರು ಹಿಡಿದು ಕರೆದದ್ದಿಲ್ಲ. 'ಮುನ್ಶಿ ಸಾಹೇಬ್ರು' ಎನ್ನುತ್ತಿದ್ದರು. ಎಳ್ಳಮಾವಾಸ್ಯೆಯ ದಿನ ಊರಿಗೆ ಊರೇ ಬುತ್ತಿ ಹೊತ್ತು ತಂತಮ್ಮ ಹೊಲಕ್ಕೆ ಹೋಗುವಾಗ, ಹೊಲವಿಲ್ಲದ ಖಂಡೆಪ್ಪ ಹೆಂಡತಿಯ ಜೊತೆ ಮಾವನ ಹೊಲಕ್ಕೆ ಹೋಗುತ್ತಿದ್ದ. ಅಲ್ಲಿ ಐದು ಕಲ್ಲಿಗೆ ಸುಣ್ಣ ಬಳಿದು ಪೂಜೆ ಮಾಡಿ, ಆಮೇಲೆ ಚರಗ ಚೆಲ್ಲಬೇಕು; ಎಂದರೆ ಮಾಡಿದ ಅಡುಗೆಯನ್ನು ಭೂಮಿತಾಯಿಗೆ ಚೆಲ್ಲುತ್ತ ಹೊಲದ ಸುತ್ತ ಒಂದು ಸುತ್ತು ಬರಬೇಕು. ಖಂಡೆಪ್ಪ ಎದ್ದು ನಿಂತ ಕೂಡಲೆ ಮಾವ ಹಿಂದೆ ತಿರುಗುತ್ತಿದ್ದರು.

"ಮುನ್ಶಿ ಸಾಹೇಬ್ರು ನೆಳ್ಳಾಗ ಕೂಡ್ರಿ. ಇದು ಹೊಲ ಇದ್ದವರ ಕೆಲಸ."

ಖಂಡೆಪ್ಪ ನೆರಳಲ್ಲಿ ಕೂತು ಭಜ್ಜಿ ಉಣ್ಣುತ್ತಿದ್ದ. ಹಸಿ ತೊಗರಿ, ಅವರೆ, ಕಡಲೆ, ಶೇಂಗಾ, ಸಿಕ್ಕ ಸೊಪ್ಪು ಎಲ್ಲ ಬೆರೆಸಿ ಕುದಿಸಿದ ಆ ಭಜ್ಜಿಗೆ ಇಡೀ ಸೀಮೆಯಲ್ಲಿ ಹೆಸರು. ಖಂಡೆಪ್ಪನ ಗಂಟಲಲ್ಲಿ ಮಾತ್ರ ಅದು ಸ್ವಲ್ಪ ಹೊತ್ತು ನಿಂತು ಆಮೇಲೆ ಇಳಿಯುತ್ತಿತ್ತು. ಶೇವಂತಾ ದೂರದಿಂದ ಅದನ್ನು ನೋಡುತ್ತಿದ್ದಳು.

ಪೊಲೀಸ್ ಆಕ್ಷನ್ ಆದ ಮೂರನೆಯ ವರ್ಷದ ಬೇಸಿಗೆಯಲ್ಲಿ ಶೇವಂತಾ ಹೆತ್ತಳು. ಮಗು ಉಳಿಯಲಿಲ್ಲ. ಅವಳು ಉಳಿದಳು, ಆದರೆ ಮೊದಲಿನಷ್ಟು ಉಳಿಯಲಿಲ್ಲ. ಕಾಲು ಬಾತವು, ಮುಖ ಬಿಳಚಿತು. ಎರಡು ಕೊಡ ಹೊತ್ತು ಬರುತ್ತಿದ್ದವಳು ತಂಬಿಗೆ ಎತ್ತಲು ಎರಡೂ ಕೈ ಹಚ್ಚತೊಡಗಿದಳು. ಖಂಡೆಪ್ಪ ಟಾಂಗಾ ಮಾಡಿಕೊಂಡು ಡಾಕ್ಟರರಲ್ಲಿಗೆ ಕರೆದೊಯ್ದ.

"ಮೈಯಾಗ ಪ್ರೋಟೀನ್ ಇಲ್ರೀ" ಎಂದರು ಡಾಕ್ಟರು. "ಹಾಲು, ತತ್ತಿ, ಮಾಂಸ ಕೊಡ್ರಿ. ದಿನಾ ಕೊಡ್ರಿ."

ದಿನಾ ತತ್ತಿ-ಮಾಂಸ ತರಲು ಖಂಡೆಪ್ಪನೇನು ಜಾಗೀರದಾರನೆ? ಅವನ ಮುಖ ನೋಡಿ ಡಾಕ್ಟರರೇ ಕೆಳಗಿಳಿದು ಬಂದರು.

"ಆಗಂಗಿಲ್ಲಂದ್ರ ಕಾಳು ತಿನ್ನಸ್ರಿ. ತೊಗರಿ, ಹೆಸರು, ಅಲಸಂದಿ, ಅವರಿ, ಶೇಂಗಾ. ಹಿತ್ತಲ ಅದಲ್ಲ? ಅಲ್ಲೇ ಹಚ್ರಿ. ಆದ್ರ ತಿನ್ನಸೂದು ಇವತ್ತಿನಿಂದ. ಮತ್ತ ಬಂಡಿ, ಬಸ್ಸು ಹತ್ತಸಬ್ಯಾಡ್ರಿ."

ಈ ಮಾತುಗಳಲ್ಲಿ ಖಂಡೆಪ್ಪನ ತಲೆಯಲ್ಲಿ ಗಟ್ಟಿಯಾಗಿ ಕೂತದ್ದು ಎರಡು: ಪ್ರೋಟೀನ್ ಮತ್ತು ಹಿತ್ತಲು. ಮನೆಯಲ್ಲಿ ಹೆಂಡತಿಯನ್ನು ಮಲಗಿಸಿ, ಕಿವಿಯ ಮೇಲೆ ಲೇಖಣಿ ಸಿಕ್ಕಿಸಿಕೊಂಡು ನೇರ ಧಾನ್ಯದ ಪೇಟೆಯಾದ ಗಂಜಿಗೆ ನಡೆದ. ಗಂಜಿನ ಬಾಗಿಲಲ್ಲಿ ಸಿಕಂದರ್ ಗೋಣಿತಾಟು ಹಾಸಿ ಬೀಜ ಮಾರುತ್ತಿದ್ದ. ಮೊದಲು ಅವನಿಗೆ ಒಳಗೆ ಪಕ್ಕಾ ಅಂಗಡಿಯೇ ಇತ್ತು. ಮೂರು ವರ್ಷದ ಹಿಂದಿನ ಗದ್ದಲದಲ್ಲಿ ಸುಟ್ಟುಹೋಗಿತ್ತು.

"ಅರ್ಧ ಸೇರು ಪ್ರೋಟೀನ್ ಬೀಜ ಕಟ್ಟು" ಎಂದ ಖಂಡೆಪ್ಪ, ಬಹಳ ತಿಳಿದವನಂತೆ.

ಸಿಕಂದರ್ ಮೂವತ್ತು ವರ್ಷ ವ್ಯಾಪಾರ ಮಾಡಿದವನು. ಗಿರಾಕಿ ಕೇಳಿದ ಮಾಲು ತನ್ನಲ್ಲಿಲ್ಲ ಎಂದು ಒಮ್ಮೆಯೂ ಒಪ್ಪಿಕೊಂಡವನಲ್ಲ.

"ಕೌನ್ಸಾ ಹೋನಾ, ಮುನ್ಶಿಜಿ? ದೇಶಿ ಪ್ರೋಟೀನೋ, ವಿಲಾಯತಿಯೋ?"

"ವಿಲಾಯತಿ ತುಟ್ಟಿ ಇರಬೇಕಲ್ಲ?"

"ಬಹುತ್ ತುಟ್ಟಿ. ಮತ್ತ ನಮ್ಮ ಮಣ್ಣಿಗಿ ಹತ್ತಂಗಿಲ್ಲ. ದೇಶಿ ಒಯ್ರಿ. ಯಾರಿಗಿ?"

"ನನ್ನ ಹೇಣ್ತಿಗಿ. ಡಾಕ್ಟರು ಹೇಳ್ಯಾರ."

ಸಿಕಂದರನ ಮುಖದ ನಗೆ ಇಳಿಯಿತು. ಡಾಕ್ಟರು ಏನೇನು ಹೇಳಿದರೆಂದು ಒಂದೊಂದಾಗಿ ಕೇಳಿ, ತೊಗರಿ, ಅವರೆ, ಹೆಸರು, ಅಲಸಂದೆ ಬೇರೆಬೇರೆ ಪುಡಕೆ ಕಟ್ಟಿದ. ಕೊನೆಗೆ ಒಂದು ಬೊಗಸೆ ಶೇಂಗಾ ಖಂಡೆಪ್ಪನ ಟವೆಲಿಗೆ ಸುರಿದ.

"ಇದು ಬಿತ್ತಲಿಕ್ಕಲ್ಲ. ಭಾಭಿಗಿ ತಿನ್ನಸ್ರಿ. ಬಿತ್ತಿದ್ದು ಬರೂತನ ಮನುಷ್ಯಾರಿಗಿ ಹೊಟ್ಟಿ ಇರತದ."

ಮರುದಿನ ಖಂಡೆಪ್ಪ ಹಿತ್ತಲು ಅಗೆಯತೊಡಗಿದ. ಉದ್ದಕ್ಕೆ ಎಂಟು ಹೆಜ್ಜೆ, ಅಗಲಕ್ಕೆ ಐದು. ಅಷ್ಟೇ ಆ ಹಿತ್ತಲು. ಆದರೆ ಆ ವರ್ಷಗಳಲ್ಲಿ ಗಾಜಿಪುರದಲ್ಲಿ ಹಿತ್ತಲಿನ ಗುದ್ದಲಿ ಸದ್ದಿಗೆ ಒಂದೇ ಅರ್ಥವಿತ್ತು: ಯಾರೋ ಏನನ್ನೋ ಹೂಳುತ್ತಿದ್ದಾರೆ, ಇಲ್ಲವೆ ಹೂತದ್ದನ್ನು ತೆಗೆಯುತ್ತಿದ್ದಾರೆ. ಪಕ್ಕದ ಮನೆಯ ಚಂದಮ್ಮ ಗೋಡೆಯ ಮೇಲೆ ಗದ್ದ ಇಟ್ಟಳು.

"ಖಂಡೆಪ್ಪ, ಏನ್ ಹೂಳಾಕತ್ತಿಯೋ?"

"ಪ್ರೋಟೀನ್, ಚಂದಮ್ಮಕ್ಕ."

ಚಂದಮ್ಮನ ಗದ್ದ ತಟ್ಟನೆ ಮಾಯವಾಯಿತು. ಸಂಜೆಯೊಳಗೆ ಇಡೀ ಓಣಿಗೆ ಸುದ್ದಿ ಮುಟ್ಟಿತು: ಮುನ್ಶಿ, ರಜಾಕಾರರು ಬಿಟ್ಟುಹೋದ ಪ್ರೋಟೀನ್ ಎಂಬ ಸಿಡಿಮದ್ದನ್ನು ಹಿತ್ತಲಲ್ಲಿ ಹೂತಿದ್ದಾನೆ, ಒಂದು ಕಿಡಿ ತಾಗಿದರೆ ಮಸೀದಿಯಿಂದ ಹನುಮಪ್ಪನ ಗುಡಿಯವರೆಗೆ ಏನೂ ಉಳಿಯುವುದಿಲ್ಲ. ನಾಲ್ಕು ದಿನ ಆ ಗೋಡೆಯ ಬಳಿ ಯಾರೂ ಬೀಡಿ ಹೊತ್ತಿಸಲಿಲ್ಲ. ಐದನೆಯ ದಿನ ಮದ್ದು ಮೊಳಕೆಯೊಡೆದು ಎರಡೆಲೆ ಬಿಟ್ಟಿತು.

"ಅಯ್ಯ, ಇದು ಅಲಸಂದಿ!" ಎಂದಳು ಚಂದಮ್ಮ. ಅವಳ ದನಿಯಲ್ಲಿ ಜೀವ ಉಳಿದ ಸಮಾಧಾನಕ್ಕಿಂತ ಮೋಸಹೋದ ಸಿಟ್ಟೇ ಹೆಚ್ಚಿತ್ತು. ಅಂದಿನಿಂದ ಅವಳ ಆಡು ದಿನಕ್ಕೆರಡು ಸಲ ಗೋಡೆ ಹಾರಿ ಬಂದು ಮದ್ದಿನ ರುಚಿ ನೋಡತೊಡಗಿತು.

ಮಳೆ ಚೆನ್ನಾಗಿತ್ತು. ಖಂಡೆಪ್ಪ ದಿನಾ ಬೆಳಿಗ್ಗೆ, ಹಿಂದಿನ ರಾತ್ರಿ ನೆನೆಸಿಟ್ಟ ಕಾಳು ಒಂದು ಬಟ್ಟಲು ತುಂಬಿ, ಕಿಟಕಿಯ ಬದಿಯ ಹೊರಸಿನ ಮೇಲೆ ಮಲಗಿದ್ದ ಶೇವಂತಾಳ ಕೈಗೆ ಕೊಟ್ಟು ಕಚೇರಿಗೆ ಹೋಗುತ್ತಿದ್ದ. ಸಂಜೆ ಬಂದಾಗ ಬಟ್ಟಲು ಬರಿದಾಗಿರುತ್ತಿತ್ತು. ಆದರೆ ಕಾಲಿನ ಬಾವು ಇಳಿಯಲಿಲ್ಲ. ಇದೇ ಹೊತ್ತಿಗೆ ಹಿತ್ತಲಲ್ಲಿ ಒಂದು ಪವಾಡವೂ ನಡೆಯಿತು. ಖಂಡೆಪ್ಪ ಬಿತ್ತಿದ ಸಾಲುಗಳು ಸಾಧಾರಣವಾಗಿ ಬಂದವು. ಅವನು ಬಿತ್ತದೇ ಇದ್ದ ಕಿಟಕಿಯ ಬುಡದಲ್ಲಿ ತೊಗರಿ, ಹೆಸರು, ಅಲಸಂದೆ ಒಂದರ ಮೇಲೊಂದು ಬಿದ್ದು ಬೆಳೆದವು.

"ನಮ್ಮ ಮಣ್ಣಿಗಿ ಬೀಜಾನೇ ಬ್ಯಾಡ್ರೆಪ್ಪ" ಎಂದು ಅವನು ಬೇವಿನ ಮರದ ಕೆಳಗೆ ಉಳಿದ ಮೂವರು ಮುನ್ಶಿಗಳಿಗೆ ಹೇಳಿದ. "ನೋಡಿದ್ರ ಸಾಕು, ಬೆಳೀತದ."

ಒಂದು ದಿನ ಲೇಖಣಿ ಮರೆತು ಅರ್ಧ ದಾರಿಯಿಂದ ತಿರುಗಿ ಬಂದ. ಕಿಟಕಿಯಿಂದ ಒಂದು ಬಡಕಲು ಕೈ ಹೊರಗೆ ಚಾಚಿತ್ತು. ಬೆರಳ ಸಂದಿಯಿಂದ ಕಾಳು ಒಂದೊಂದೇ ಮಣ್ಣಿಗೆ ಬೀಳುತ್ತಿತ್ತು.

"ಏನ್ ಮಾಡಾಕತ್ತಿ, ಶೇವಂತಾ?"

ಅವಳು ಬೆದರಿದಳು. ಆಮೇಲೆ ಸಿಕ್ಕಿಬಿದ್ದ ಕೂಸಿನಂತೆ ನಕ್ಕಳು.

"ಬಿತ್ತಾಕತ್ತೀನ್ರಿ. ಎಷ್ಟ್ ಚಂದ ಬಾಯಿ ಬಿಟ್ಟಾವ ನೋಡ್ರಿ. 'ಬೀಜದ ಕಾಳು ತಿನಬಾರದು' ಅಂತಾನ ನಮ್ಮಪ್ಪ. ತಿಂದ್ರ ಇವತ್ತೊಂದು ದಿನ. ಬಿತ್ತಿದ್ರ ಎಳ್ಳಮಾಸಿಗಿ ಹೊಲ ತುಂಬತದ."

"ಹೊಲಾ? ಯಾವ ಹೊಲಾ?"

"ನಮ್ಮ ಹೊಲ. ಈ ವರ್ಷ ಕಮಲಾಪುರಕ್ಕ ಹೋಗೂದು ಬ್ಯಾಡ. ನಮ್ಮ ಹೊಲದಾಗೇ ಚರಗಾ ಚೆಲ್ಲೂಣು. ನೀವು ಮುಂದ ನಡೀಬೇಕು. ನೆಳ್ಳಾಗ ಕೂಡೂದಿಲ್ಲ."

ಬಾಯಿ ತುಂಬ ಬೈಯಬೇಕೆಂದು ಹೊಸ್ತಿಲು ದಾಟಿದ್ದ ಖಂಡೆಪ್ಪ ಹೊರಸಿನ ಅಂಚಿಗೆ ಕುಸಿದು ಕೂತು ಅತ್ತುಬಿಟ್ಟ. ಮೂರು ತಿಂಗಳ ಔಷಧ ಕಿಟಕಿಯ ಕೆಳಗೆ ಮೊಳಕಾಲೆತ್ತರ ಬೆಳೆದು ಗಾಳಿಗೆ ಆಡುತ್ತಿತ್ತು. ಅಂದಿನಿಂದ ಅವನು ಎದುರಿಗೆ ಕೂತು ತಾನೇ ತಿನ್ನಿಸತೊಡಗಿದ. ಆದರೆ ಅಷ್ಟರಲ್ಲಿ ಅವಳ ಹೊಟ್ಟೆ ಕಾಳನ್ನು ಮರೆತಿತ್ತು. ನಾಲ್ಕು ಕಾಳು ಅಗಿಯುವುದಕ್ಕೆ ನಲವತ್ತು ಸಲ ಉಸಿರು ತೆಗೆದುಕೊಳ್ಳುತ್ತಿದ್ದಳು.

ದೀಪಾವಳಿ ಕಳೆಯಿತು. ಎಳ್ಳಮಾವಾಸ್ಯೆಗೆ ಯಾವಾಗ ಬರುತ್ತೀರಿ ಎಂದು ಕಮಲಾಪುರದಿಂದ ಹೇಳಿಕಳಿಸಿದರು. ಖಂಡೆಪ್ಪ ಕಾಗದ ಬರೆಯಲು ಕೂತ.

"ಇಷ್ಟು ದಿನ ತಿಳಸದಂಗ ಈಗೂ ಅಪ್ಪಗ ನನ್ನ ಬ್ಯಾನಿ ಬರೀಬ್ಯಾಡ್ರಿ" ಎಂದಳು ಶೇವಂತಾ. "ಕೆಲಸ ಬಿಟ್ಟು ಓಡಿ ಬರತಾನ. ಹೊಲದ್ದಷ್ಟ ಬರೀರಿ."

'ಹಿತ್ತಲಲ್ಲಿ ನಾಲ್ಕು ಸಾಲು ತೊಗರಿ ಹಾಕಿದ್ದೇನೆ' ಎಂದು ಬರೆದ. ಬರೆದ ಕೂಡಲೆ ಮಾವ ಬಾಯಿ ತೆರೆದು ನಗುವುದು ಕಣ್ಣಿಗೆ ಕಟ್ಟಿತು. ಹೊಡೆದುಹಾಕಿ 'ನಾಲ್ಕು ಗುಂಟೆ' ಮಾಡಿದ. ಸರ್ಕಾರವಾದರೆ ಅರ್ಧ ಕತ್ತರಿಸುತ್ತದೆ, ಮಾವ ಹತ್ತರಲ್ಲಿ ಒಂಬತ್ತು ಪಾಲು ಕತ್ತರಿಸುವವರು. ಕೊನೆಗೆ ಕಾಗದ ಹೀಗೆ ಮುಗಿಯಿತು: 'ತಮ್ಮ ಆಶೀರ್ವಾದದಿಂದ ಗಾಜಿಪುರದಲ್ಲಿ ಎರಡು ಎಕರೆ ಜಮೀನಿನಲ್ಲಿ ತೊಗರಿ, ಅವರೆ, ಅಲಸಂದೆಗಳು ತುಂಬಿ ತುಳುಕುತ್ತಿದ್ದು, ಈ ವರ್ಷದ ಚರಗ ಇಲ್ಲಿಯೇ ಆಗುವುದು. ಶೇವಂತಾಗೆ ನಾಲ್ಕು ದಿನದಿಂದ ತುಸು ಅಶಕ್ತಿ.'

ಅವಳು ಹಾಸಿಗೆ ಹಿಡಿದು ಏಳನೆಯ ತಿಂಗಳು. ಹುಟ್ಟಿದಾಗಿನಿಂದ ಹೆಚ್ಚಿಗೆ ಬರೆದ ಆ ಲೇಖಣಿ ಕಡಿಮೆ ಬರೆದದ್ದು ಅದೊಂದೇ ಸಾಲು.

ಕಮಲಾಪುರದ ಚಾವಡಿಯಲ್ಲಿ ಊರ ಲೆಕ್ಕ ಬರೆಯುವ ಪಟವಾರಿ ಸೂಗಪ್ಪ ಆ ಕಾಗದವನ್ನು ಊರಿಗೆಲ್ಲ ಕೇಳುವಂತೆ ಓದಿದ. ಎರಡು ಎಕರೆಯ ಸಾಲನ್ನು ಮಾಳಿಂಗಪ್ಪ ಮೂರು ಸಲ ಓದಿಸಿದರು.

"ನಮ್ಮ ಮುನ್ಶಿ ಎರಡು ಬರದ್ರ ಒಂದು ಇರತದ. ನನ್ನ ಮಗಳು ಹೇಳ್ಯಾಳ ಆ ಲೆಕ್ಕಾ" ಎಂದರು. "ಇರವಲ್ಲದ್ಯಾಕ. ಒಂದು ಎಕರೆ ಆದ್ರೂ ಹೊಲ ಹೊಲಾನೇ. ಬಂಡಿ ಕಟ್ರಿ!"

ನಾಲ್ಕು ದಿನದ ಅಶಕ್ತಿಯನ್ನು ಯಾರೂ ಮೂರು ಸಲ ಓದಿಸಲಿಲ್ಲ. ಇತ್ತ ಸೂಗಪ್ಪನ ಕಿವಿ ಬೇರೆ ಕಾರಣಕ್ಕೆ ನೆಟ್ಟಗಾಗಿತ್ತು. ಸರ್ಕಾರ ರೈತರ ಬೆಳೆಯಲ್ಲಿ ಪಾಲು ಎತ್ತುವ ಲೆವಿಯ ಕಾಲ ಅದು. ಗಾಜಿಪುರದಲ್ಲಿ ಯಾವ ಲೆವಿ ಪಟ್ಟಿಯಲ್ಲೂ ಇಲ್ಲದ ಎರಡು ಎಕರೆ ತೊಗರಿ! ದೇಶಭಕ್ತನಾದ ಪಟವಾರಿ ಮರುಟಪಾಲಿಗೇ ಕಲಬುರಗಿಗೆ ವರದಿ ಬರೆದ.

ಎಳ್ಳಮಾವಾಸ್ಯೆಯ ಬೆಳಿಗ್ಗೆ ಎರಡು ಬಂಡಿಗಳು ಗಾಜಿಪುರದ ಓಣಿ ಹೊಕ್ಕವು. ಹನ್ನೆರಡು ಜನ, ಅಂಬಲಿಯ ಗಡಿಗೆಗಳು, ಸಜ್ಜೆ ರೊಟ್ಟಿಯ ಗಂಟು, ಎರಡು ಗೊನೆ ಕೆಂಪು ಬಾಳೆ. ಎತ್ತುಗಳಿಗೆ ಮಾತ್ರ ಹಿಡಿ ಮೇವೂ ತಂದಿರಲಿಲ್ಲ. ಎಕರೆಗಟ್ಟಲೆ ಹೊಲವಿರುವ ಕಡೆಗೆ ಮೇವು ಯಾರು ಹೊರುತ್ತಾರೆ?

"ಖಂಡೆಪ್ಪ ಮುನ್ಶಿಯವರ ಹೊಲ ಯಾವ ಕಡಿ ಬರತದ್ರೀ?" ಎಂದು ಮಾಳಿಂಗಪ್ಪ ಬಂಡಿಯ ಮೇಲೆ ನಿಂತು ಕೇಳಿದರು.

"ಹೊಲಾ?" ಎಂದಳು ಚಂದಮ್ಮ. "ಇಳೀರಿ, ತೋರಸ್ತೀನಿ. ಕಾಲು ನೋಡಿ ಇಡ್ರಿ ಯಪ್ಪಾ, ಒಂದು ಹೆಜ್ಜಿ ಹೆಚ್ಚಾದ್ರ ಹೊಲಾ ದಾಟಿ ಬಿಡ್ತೀರಿ."

ಖಂಡೆಪ್ಪ ಒಗೆದ ಧೋತ್ರ ಉಟ್ಟು ಬಾಗಿಲಲ್ಲಿ ನಿಂತಿದ್ದ. ಮಾವನನ್ನು ಮನೆಯೊಳಗೆ ಬಿಡದೆ ಪಕ್ಕದ ಸಂದಿಯಿಂದ ನೇರ ಹಿತ್ತಲಿಗೆ ಕರೆದೊಯ್ದ. ಐದು ಬೆಣಚುಕಲ್ಲಿಗೆ ಸುಣ್ಣ ಬಳಿದಿತ್ತು. ಅವುಗಳ ಮೇಲೆ ಜೋಳದ ದಂಟಿನ ಮೊಳದೆತ್ತರದ ಕೊಂಪೆ. ತೊಗರಿ ಮಾತ್ರ ಆಳೆತ್ತರ ಬೆಳೆದು ಕಾಯಿಯ ಭಾರಕ್ಕೆ ಬಾಗಿತ್ತು. ಹನ್ನೆರಡು ಜನರಲ್ಲಿ ಐದು ಜನ ಒಳಗೆ ಹಿಡಿದರು. ಉಳಿದವರು ಗೋಡೆಯ ಮೇಲೆ ಕೂತರು. ಎಲ್ಲರೂ ಮಾಳಿಂಗಪ್ಪನ ನಾಲಗೆಯನ್ನೇ ಕಾಯುತ್ತಿದ್ದರು.

"ಎರಡು ಎಕರೆ" ಎಂದರು ಮಾಳಿಂಗಪ್ಪ, ನಿಧಾನವಾಗಿ. "ಶೇವಂತಾ ಎಲ್ಲಿ?"

"ಅಡಗಿ ಮಾಡಾಕತ್ತಾಳ್ರಿ" ಎಂದ ಖಂಡೆಪ್ಪ.

ಅಡುಗೆಯನ್ನು ಬೆಳಗಿನಿಂದ ಮಾಡುತ್ತಿದ್ದವಳು ಚಂದಮ್ಮ. ಅವಳು ಬಾಯಿ ತೆರೆಯುವಷ್ಟರಲ್ಲಿ ಸರ್ಕಾರ ಬಂತು. ಕಂದಾಯದ ಗಿರ್ದಾವರ ಗುರುಲಿಂಗಪ್ಪನವರು, ಹಿಂದೆ ಅಳತೆಯ ಸರಪಳಿ ಹೊತ್ತ ಆಳು. ಬೇರೆ ದಿನವಾದರೆ ಹೊಲದ ಒಡೆಯ ಯಾರೆಂದು ಹುಡುಕಬೇಕು, ಎಳ್ಳಮಾವಾಸ್ಯೆಯಂದು ಅವನು ಹೆಂಡತಿ ಮಕ್ಕಳ ಸಮೇತ ತನ್ನ ಹೊಲದಲ್ಲೇ ಸಿಗುತ್ತಾನೆ ಎಂಬುದು ಅವರ ಇಪ್ಪತ್ತು ವರ್ಷದ ಅನುಭವ.

"ಎರಡು ಎಕರೆ ತೊಗರಿ ಸರ್ಕಾರಕ್ಕ ಮುಚ್ಚಿಟ್ಟೀರಿ ಅಂತ ರಿಪೋರ್ಟ್ ಅದ. ಸರಪಳಿ ಹಿಡೀರಿ!"

ಆಳು ಸರಪಳಿ ಎಳೆದ. ಅದು ತೊಗರಿ ದಾಟಿತು, ಗೋಡೆ ಏರಿತು, ಚಂದಮ್ಮನ ಅಂಗಳಕ್ಕೆ ಇಳಿಯಿತು, ಕೊನೆಗೆ ಅವಳ ಅಡುಗೆಮನೆಯಲ್ಲಿ ಒಲೆಗೆ ತಾಗಿ ನಿಂತಿತು. ಇತ್ತ ಇನ್ನೂ ಎರಡು ಮೊಳ ಸುತ್ತಿಕೊಂಡೇ ಇತ್ತು.

"ನನ್ನ ಒಲಿಗೂ ಲೆವಿ ಹಾಕ್ತೀರೇನ್ರೀ ಸಾಹೇಬ್ರ?" ಎಂದು ಅದರ ಹಿಂದೆಯೇ ಓಡಿದ್ದ ಚಂದಮ್ಮ ಅತ್ತಲಿಂದ ಕೂಗಿದಳು. ಗೋಡೆಯ ಮೇಲಿನವರು ಬಿದ್ದು ಬಿದ್ದು ನಕ್ಕರು. ಗಿರ್ದಾವರರ ಕಿವಿ ಕೆಂಪಾದವು.

ಆ ನಗೆಯ ನಡುವೆ ಕಿಟಕಿಯ ಒಳಗಿನಿಂದ ಸಣ್ಣ ದನಿ ಬಂತು.

"ಯಪ್ಪಾ... ಬಂದೇನು?"

ಮಾಳಿಂಗಪ್ಪ ಕಿಟಕಿಯತ್ತ ತಿರುಗಿದರು. ಅಳಿಯನನ್ನು ಬದಿಗೆ ಸರಿಸಿ ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಹಿತ್ತಲಲ್ಲಿ ಆಡು ಅವರೆ ತಿನ್ನುತ್ತಿತ್ತು. ಅದನ್ನು ಓಡಿಸುವ ಎಚ್ಚರ ಕೂಡ ಯಾರಿಗೂ ಇರಲಿಲ್ಲ.

ಹೊರಗೆ ಬಂದಾಗ ಅವರ ತಲೆಯ ಪಟಗ ಕೈಯಲ್ಲಿತ್ತು.

"ನಾಲ್ಕು ದಿನ ಅಂತ ಬರದಿದ್ರಿ."

"ಏಳು ತಿಂಗಳ್ರಿ, ಮಾವ."

ಮಾಳಿಂಗಪ್ಪ ಕೈ ಎತ್ತಿದರು. ಹೊಡೆತ ಬಿತ್ತೆಂದೇ ಗೋಡೆಯ ಮೇಲಿನವರು ಕಣ್ಣು ಮುಚ್ಚಿದರು. ಖಂಡೆಪ್ಪ ಮುಖ ಸರಿಸಲಿಲ್ಲ. ಆ ಕೈ ಅವನನ್ನು ದಾಟಿ, ಕಿಟಕಿಯ ಬುಡದ ತೊಗರಿಯಿಂದ ಒಂದು ಕಾಯಿ ಕಿತ್ತು, ಸಿಪ್ಪೆ ಬಿಡಿಸಿತು. ಕಾಳನ್ನು ಬಾಯಿಗೆ ಹಾಕಿ ಮಾಳಿಂಗಪ್ಪ ಅಗಿದರು.

"'ನಮ್ಮ ಹೊಲ ನೋಡಿದೇನಪ್ಪಾ' ಅಂತ ಕೇಳಿದ್ಲು. 'ನೋಡ್ದೆ ಯವ್ವಾ, ಎರಡು ಎಕರೆ ಅದ' ಅಂದೀನಿ. ನಾ ಹುಟ್ಟಿ ಸುಳ್ಳು ಹೇಳಿದವ ಅಲ್ಲ." ಗಿರ್ದಾವರರತ್ತ ತಿರುಗಿದರು. "ಸಾಹೇಬ್ರ, ಎರಡು ಎಕರೆಗಿ ಚರಗಾ ಚೆಲ್ಲಬೇಕಂದ್ರ ಈ ಹಿತ್ತಲಕ್ಕ ಎಷ್ಟು ಸುತ್ತು ಆಗತದ? ನಿಮ್ಮ ಸರಪಳಿ ಲೆಕ್ಕದಾಗ ಹೇಳ್ರಿ."

ಗುರುಲಿಂಗಪ್ಪನವರು ಲೆವಿ ಕೇಳಲು ಬಂದವರು. ಆದರೂ ಲೆಕ್ಕ ಕೇಳಿದರೆ ಸುಮ್ಮನಿರುವ ಜಾತಿಯವರಲ್ಲ. ಬೆರಳು ಮಡಿಚಿದರು, ತುಟಿ ಅಲ್ಲಾಡಿಸಿದರು.

"ಹದಿನೆಂಟು" ಎಂದರು. ಆಮೇಲೆ ಬೂಟು ಬಿಚ್ಚಿ ಗೋಡೆಯ ಬದಿಗೆ ಇಟ್ಟರು.

ಮಾಳಿಂಗಪ್ಪ ಚರಗದ ಗಡಿಗೆಯನ್ನು ಖಂಡೆಪ್ಪನ ಕೈಗೆ ಕೊಟ್ಟರು. ಖಂಡೆಪ್ಪ ಮುಂದೆ ನಡೆದ. "ಹುಲ್ಲುಲ್ಲಿಗೋ!" ಎಂದು ಚರಗದ ಕೂಗು ಹಾಕಿದ. ಅರ್ಜಿ ಬರೆದು ಬರೆದು ಬಗ್ಗಿಹೋದ ಆ ಎದೆಯಿಂದ ಅಷ್ಟು ದೊಡ್ಡ ದನಿ ಬಂದದ್ದಕ್ಕೆ ಅವನೇ ಬೆಚ್ಚಿದ. "ಚಲ್ಲಂಬ್ರಿಗೋ!" ಎಂದು ಹಿಂದಿನವರು ಓಗೊಟ್ಟರು. ಕಿಟಕಿಯ ಮುಂದೆ ಬಂದಾಗ ಒಳಗಿನಿಂದಲೂ ಒಂದು ಎಳೆಯಷ್ಟು ದನಿ ಓಗೊಟ್ಟಿತು. ಸರಳಿನ ಹಿಂದೆ ಶೇವಂತಾ ದಿಂಬಿಗೆ ಒರಗಿ ಕೂತು ನೋಡುತ್ತಿದ್ದಳು.

ಒಂದು ಸುತ್ತು ಮುಗಿದ ಕೂಡಲೆ ಮಾವ ಗಡಿಗೆ ತೆಗೆದುಕೊಂಡರು.

"ಉಳದದ್ದು ನಾ ಚೆಲ್ತೀನಿ. ನೀವು ಒಳಗ ಹೋಗಿ ಆಕಿಗಿ ಉಣ್ಣಸ್ರಿ."

ಆಮೇಲೆ ಆ ಎಂಟು ಹೆಜ್ಜೆಯ ಹಿತ್ತಲಲ್ಲಿ ನಡೆದದ್ದನ್ನು ಗಾಜಿಪುರದವರು ಬಹಳ ವರ್ಷ ಹೇಳಿಕೊಂಡರು. ಮುಂದೆ ಮಾಳಿಂಗಪ್ಪ, ಹಿಂದೆ ಕಮಲಾಪುರದ ಬೀಗರು, ಬರಿಗಾಲ ಗಿರ್ದಾವರರು, ಹೆಗಲ ಮೇಲೆ ಸರಪಳಿ ಹೊತ್ತ ಆಳು, ಕೈಯಲ್ಲಿ ಸೌಟು ಹಿಡಿದ ಚಂದಮ್ಮ, ಎಲ್ಲರ ಹಿಂದೆ ಚೆಲ್ಲಿದ್ದನ್ನು ಹೆಕ್ಕುತ್ತ ಆಡು. ಜಾಗ ಎಷ್ಟು ಸಣ್ಣದೆಂದರೆ ಮೆರವಣಿಗೆಯ ತಲೆ ಬಂದು ಬಾಲಕ್ಕೆ ತಾಗುತ್ತಿತ್ತು. ಏಳನೆಯ ಸುತ್ತಿಗೆ ಇಬ್ಬರಿಗೆ ತಲೆ ತಿರುಗಿತು. ಕೂಗು ಮಾತ್ರ ನಿಲ್ಲಲಿಲ್ಲ.

ಒಳಗೆ ಖಂಡೆಪ್ಪ ಸಜ್ಜೆ ರೊಟ್ಟಿ ಮುರಿದು ಭಜ್ಜಿಯಲ್ಲಿ ನೆನೆಸಿ ಒಂದು ತುತ್ತು ಇಟ್ಟ. ಶೇವಂತಾ ಬಹಳ ಹೊತ್ತು ಅಗಿದಳು. ಕಣ್ಣು ಮುಚ್ಚಿ ನುಂಗಿದಳು.

"ಇದು ಕಿಟಕಿ ಬುಡದ ತೊಗರಿ" ಎಂದಳು.

"ಹೆಂಗ ಗೊತ್ತಾತು?"

"ನಾ ಬಿತ್ತಿದ್ದು ನನಗ ಗೊತ್ತಾಗಲ್ಲೇನ್ರಿ?"

ಎರಡನೆಯ ತುತ್ತು ಇಡಲು ಹೋದಾಗ ಅದನ್ನು ಕೈಯಲ್ಲಿ ಈಸಿಕೊಂಡಳು. "ತಡ್ರಿ, ತಿಂತೀನಿ. ಈಗ ಎಷ್ಟನೇ ಸುತ್ತು?"

"ಹತ್ತು."

"ನಮ್ಮ ಹೊಲ ಭಾಳ ದೊಡ್ಡದು ಅದ, ಅಲ್ರೀ?" ಎಂದು ಗೋಡೆಗೆ ಒರಗಿದಳು. ಹದಿನೆಂಟನೆಯ ಸುತ್ತು ಮುಗಿಯುವಾಗ ಅವಳಿಗೆ ನಿದ್ದೆ ಹತ್ತಿತ್ತು. ಎರಡನೆಯ ತುತ್ತು ಮುಷ್ಟಿಯಲ್ಲೇ ಇತ್ತು. ಖಂಡೆಪ್ಪ ಬೆರಳು ಬಿಡಿಸಿ ತೆಗೆಯಲಿಲ್ಲ, ನಿದ್ದೆ ಕೆಟ್ಟೀತೆಂದು.

ಗಿರ್ದಾವರ ಗುರುಲಿಂಗಪ್ಪನವರು ತಮ್ಮ ವರದಿಯಲ್ಲಿ ಬರೆದರು: 'ಗಾಜಿಪುರದ ಎರಡು ಎಕರೆ ಸ್ವತಃ ತಿರುಗಿ ನೋಡಲಾಗಿದೆ. ಬೆಳೆದದ್ದೆಲ್ಲ ಚರಗಕ್ಕೆ ಖರ್ಚಾಗಿದ್ದು ಲೆವಿ ತೆಗೆಯಲು ಏನೂ ಉಳಿದಿಲ್ಲ.' ಮೂರನೆಯ ದಿನ ಶೇವಂತಾ ತೀರಿಕೊಂಡಳು. ಮಾಳಿಂಗಪ್ಪ ಮಣ್ಣು ಮುಗಿಸಿ, ಅಳಿಯನ ಜೊತೆ ಒಂದು ಮಾತೂ ಆಡದೆ ಬಂಡಿ ಹತ್ತಿದರು.

ಗಿಡದಲ್ಲಿ ಉಳಿದ ತೊಗರಿ ಒಣಗಿತು. ಖಂಡೆಪ್ಪ ಬಿಡಿಸಿದ, ಒಂದು ಸೇರು ಆಯಿತು. ಬೇಯಿಸಿ ಉಣ್ಣಲು ಎರಡು ಸಲ ಒಲೆ ಹೊತ್ತಿಸಿ ಎರಡು ಸಲವೂ ಆರಿಸಿದ. ಬಿತ್ತನೆಯ ಮಿರ್ಗದ ಮಳೆ ಬಿದ್ದ ಮೇಲೆ ಅದನ್ನು ಶೇವಂತಾಳ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿಕೊಂಡು ಕಮಲಾಪುರದ ಬಸ್ಸು ಹತ್ತಿದ.

ಮಾವ ಹೊಲದಲ್ಲಿ ಕೂರಿಗೆ ಹೂಡಿದ್ದರು. ಬದುವಿನ ಮೇಲೆ ನಿಂತ ಅಳಿಯನನ್ನು ನೋಡಿ ಎತ್ತು ನಿಲ್ಲಿಸಿದರು. ಖಂಡೆಪ್ಪ ಗಂಟು ಚಾಚಿದ. ಮಾಳಿಂಗಪ್ಪ ಸೀರೆಯ ತುಂಡನ್ನು ಗುರುತಿಸಿದರು. ಬಿಚ್ಚಿ, ಕಾಳನ್ನು ಅಂಗೈಗೆ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಒಂದು ಮಾತು ಕೇಳಬೇಕಾಗಿತ್ತು" ಎಂದರು. "ಆವತ್ತು ನಾ ಹೊರಗ ಸುತ್ತು ಹಾಕಾಕತ್ತಿದ್ದೆ. ಒಳಗ ಆಕಿ ಎಷ್ಟು ತುತ್ತು ಉಂಡ್ಲು?"

"ಎರಡು, ಮಾವ."

ಮಾಳಿಂಗಪ್ಪ ಎತ್ತುಗಳ ಕಡೆ ನೋಡುತ್ತ ನಿಂತರು. ಅಳಿಯನ ಲೆಕ್ಕ ಅವರಿಗೆ ಗೊತ್ತಿದ್ದದ್ದೇ.

"ಅಂದ್ರ ಒಂದು."

ಖಂಡೆಪ್ಪನಿಗೆ ತಡೆಯಲಾಗಲಿಲ್ಲ. "ಹೌದ್ರಿ" ಎಂದು ಬಿಕ್ಕಿದ. "ಒಂದೇ. ಇನ್ನೊಂದು ಕೈಯಾಗೇ ಉಳೀತು."

ಮಾಳಿಂಗಪ್ಪ ಸೀರೆಯ ತುಂಡಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಕಾಳನ್ನು ಕೂರಿಗೆಯ ಬಟ್ಟಲಿಗೆ ಸುರಿದರು.

"ಒಂದಾದ್ರೂ ನಿನ್ನ ಹೊಲದ್ದು ಉಂಡು ಹೋದ್ಲಲ್ಲ, ಖಂಡೆಪ್ಪ" ಎಂದರು. "ಬಾ, ಅಲ್ಲಿ ನಿಂದ್ರಬ್ಯಾಡ. ಈ ಸಾಲು ನೀ ಬಿತ್ತು."

ಖಂಡೆಪ್ಪ ಕಿವಿಯ ಮೇಲಿನ ಲೇಖಣಿ ತೆಗೆದು ಜೇಬಿಗಿಟ್ಟ. ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟು, ಹಸಿ ಮಣ್ಣಿಗೆ ಇಳಿದ.